ಏಳು ಕೆ.ಜಿ.ಯಲ್ಲಿ ಒಂದು ಮದುವೆ

ಹರಿಹರದ ಕಡೆಯ ಒಬ್ಬ ಹುಡುಗ ಮೊನ್ನೆ ಫೋನ್ ಮಾಡಿದ್ದ. ಮದುವೆ ಫೋಟೋಗ್ರಫಿಗೆ ಈಗಷ್ಟೇ ಕಾಲಿಟ್ಟವನು. ಉದಯಪುರದ ಒಂದು ಮದುವೆ ಆರ್ಡರ್ ಸಿಕ್ಕಿದೆ, ವಿಮಾನದಲ್ಲಿ ಹೋಗಬೇಕು. "ಅಣ್ಣಾ, ಯಾವ ಬ್ಯಾಗ್ ತಗೊಳ್ಳಲಿ? ಮೂರು ನೋಡಿಟ್ಟಿದ್ದೀನಿ, ಲಿಂಕ್ ಕಳಿಸ್ತೀನಿ" ಅಂದ. ಲಿಂಕ್ ಬಂತು. ಮೂರೂ ಚೆನ್ನಾಗಿದ್ದವು. ದಪ್ಪ ಪ್ಯಾಡಿಂಗ್, ಹತ್ತಾರು ಜಿಪ್, ಮಳೆಗೆ ಕವರ್, ಟ್ರೈಪಾಡ್ ಕಟ್ಟೋಕೆ ಪಟ್ಟಿ. ಎಷ್ಟು ಲೀಟರ್, ಎಷ್ಟು ಲೆನ್ಸ್ ಹಿಡಿಸುತ್ತದೆ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದರು. ಖಾಲಿ ಬ್ಯಾಗಿನ ತೂಕ ಮಾತ್ರ ಎಲ್ಲೋ ಕೊನೆಯಲ್ಲಿ, ಸಣ್ಣಕ್ಷರದಲ್ಲಿ. ನಾನು ಅದನ್ನೇ ಮೊದಲು ನೋಡುವವನು. ಅವನಿಗೆ ಫೋನಲ್ಲಿ ಹೇಳಿದ್ದು ಅರ್ಧ ಮಾತ್ರ, ಉಳಿದಿದ್ದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಎಕಾನಮಿ ಟಿಕೆಟಿಗೆ ಕ್ಯಾಬಿನ್ ಬ್ಯಾಗ್ ಒಂದು, ತೂಕ 7 ಕೆ.ಜಿ. ಉದ್ದ, ಅಗಲ, ದಪ್ಪ ಕೂಡಿಸಿದರೆ 115 ಸೆಂ.ಮೀ. ದಾಟಬಾರದು. ಅಳತೆಯ ವಿಷಯದಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಮಾರ್ಕೆಟ್ಟಿನ ಬಹುತೇಕ ಕ್ಯಾಮೆರಾ ಬ್ಯಾಗುಗಳು ಅದರೊಳಗೇ ಬರುತ್ತವೆ. ನಮ್ಮನ್ನು ಕಾಡೋದು ತೂಕ. ಕ್ಯಾಮೆರಾ ಸಾಮಾನು ಗಾತ್ರಕ್ಕೆ ಚಿಕ್ಕದು, ತೂಕಕ್ಕೆ ದೊಡ್ಡದು. ಬಟ್ಟೆ ತುಂಬಿದ ಬ್ಯಾಗ್ ಉಬ್ಬಿಕೊಂಡು ಬಾಯಿ ಬಿಟ್ಟರೂ ಏಳು ಕೆ.ಜಿ. ಆಗಿರುವುದಿಲ್ಲ. ನಮ್ಮದು ಅರ್ಧ ತುಂಬುವ ಹೊತ್ತಿಗೇ ಮುಗಿದಿರುತ್ತದೆ.

ಲೆಕ್ಕ ಹಾಕಿ ನೋಡೋಣ. ನನ್ನ ಹತ್ತಿರ ಇರೋದು ಸೋನಿ. ಎ7 ಫೋರ್ ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಬ್ಯಾಟರಿ, ಕಾರ್ಡ್ ಸೇರಿ 658 ಗ್ರಾಂ. ಮದುವೆಗೆ ಒಂದೇ ಬಾಡಿ ನಂಬಿಕೊಂಡು ಹೋಗುವವರು ಯಾರೂ ಇಲ್ಲ, ಎರಡು ಬೇಕೇ ಬೇಕು. ಅಲ್ಲಿಗೆ 1,316. ಎರಡನೇ ತಲೆಮಾರಿನ 24-70 ಜಿ ಮಾಸ್ಟರ್ ಜೂಮ್ ಲೆನ್ಸ್ 695 ಗ್ರಾಂ. ದೂರದ್ದನ್ನು ಹತ್ತಿರ ತರುವ 70-200 ಜೂಮಿನ ಎರಡನೇ ತಲೆಮಾರು 1,045 ಗ್ರಾಂ, ಅದೂ ಟ್ರೈಪಾಡಿಗೆ ಕೂರಿಸುವ ಕಾಲರ್ ಬಿಚ್ಚಿಟ್ಟರೆ. 35 ಎಂಎಂ 1.4 ಲೆನ್ಸ್ 524. ಇಷ್ಟಕ್ಕೇ 3.58 ಕೆ.ಜಿ. ಆಯಿತು. ಇನ್ನು ಫ್ಲ್ಯಾಶ್, ಅದನ್ನು ದೂರದಿಂದ ಹೊತ್ತಿಸುವ ಟ್ರಿಗರ್, ಬ್ಯಾಟರಿಗಳು, ಚಾರ್ಜರ್, ಕಾರ್ಡ್ ಪೌಚ್, ಲೆನ್ಸ್ ಹುಡ್ ಎಲ್ಲ ಸೇರಿಸಿದರೆ ಸುಮಾರು ಐದು ಕೆ.ಜಿ. ಉಳಿದಿದ್ದು ಎರಡು. ಆ ಎರಡು ಕೆ.ಜಿ.ಯೊಳಗೆ ಬ್ಯಾಗ್ ಬರಬೇಕು. ಲ್ಯಾಪ್‌ಟಾಪ್ ಕೂಡ ಅಲ್ಲೇ ಅಂದರೆ ಬ್ಯಾಗಿಗೆ ಏನೂ ಉಳಿಯೋದಿಲ್ಲ, ಅಲ್ವಾ?

ಈಗ ಬ್ಯಾಗುಗಳನ್ನು ನೋಡಿ. ಸಿನಿಮಾದವರು ಇಟ್ಟುಕೊಳ್ಳುವ ಪೆಲಿಕನ್ 1510 ಪೆಟ್ಟಿಗೆ ನಿಮಗೆ ಗೊತ್ತಿರುತ್ತದೆ. ಕ್ಯಾಬಿನ್ ಅಳತೆಗೆ ಅಂತಲೇ ಮಾಡಿದ್ದು. ಗಟ್ಟಿ ಅಂದರೆ ಗಟ್ಟಿ, ಮೇಲೆ ನಿಂತರೂ ಏನೂ ಆಗೋದಿಲ್ಲ. ಒಳಗಿನ ಫೋಮ್ ಬಿಟ್ಟು ಖಾಲಿ ಪೆಟ್ಟಿಗೆಯೇ 5.44 ಕೆ.ಜಿ. ಅಂದರೆ ಒಂದೂವರೆ ಕೆ.ಜಿ. ಸಾಮಾನು ಒಯ್ಯೋಕೆ ಐದೂವರೆ ಕೆ.ಜಿ. ಪೆಟ್ಟಿಗೆ. ಅಮೆರಿಕದ ಕೆಲವು ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗಿಗೆ ತೂಕದ ಮಿತಿಯೇ ಇಲ್ಲ, ಅಲ್ಲಿನವರು ಈ ಪೆಟ್ಟಿಗೆಯನ್ನು ಹೊಗಳೋದರಲ್ಲಿ ತಪ್ಪಿಲ್ಲ. ಅವರ ವಿಡಿಯೋ ನೋಡಿ ನಾವು ತಗೊಂಡರೆ ಕೌಂಟರಿನಲ್ಲಿ ಒದ್ದಾಡಬೇಕಾಗುತ್ತದೆ. ಚಕ್ರ ಇರುವ ಕ್ಯಾಮೆರಾ ಟ್ರಾಲಿಗಳದ್ದೂ ಇದೇ ಕಥೆ. ಚಕ್ರ, ಎಳೆಯುವ ಹಿಡಿ, ಅದರ ಕಂಬಿ, ಇವೆಲ್ಲ ತೂಕವೇ. ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಸುಖ. ಆಮೇಲೆ ಗೋವಾದ ಮರಳಲ್ಲಿ, ಹಳೇ ಅರಮನೆ ಹೋಟೆಲಿನ ಮೆಟ್ಟಿಲಲ್ಲಿ ಅದನ್ನೂ ಕೈಯಲ್ಲೇ ಎತ್ತಬೇಕು. ನನಗೆ ಚಕ್ರದ ಬ್ಯಾಗ್ ಯಾವತ್ತೂ ಒಗ್ಗಲಿಲ್ಲ. ಬೆನ್ನು ನೋವಿರುವವರ ಲೆಕ್ಕ ಬೇರೆ ಬಿಡಿ.

ಬೆನ್ನಿಗೆ ಹಾಕುವ ಒಳ್ಳೇ ಕಂಪನಿಯ ಕ್ಯಾಮೆರಾ ಬ್ಯಾಗುಗಳೂ ಎರಡು ಕೆ.ಜಿ. ಮುಟ್ಟುತ್ತವೆ, ಕೆಲವು ದಾಟುತ್ತವೆ. ಅವು ಕಾಡಿಗೆ, ಬೆಟ್ಟಕ್ಕೆ ಅಂತ ಮಾಡಿದ್ದು. ಸೊಂಟದ ಪಟ್ಟಿ, ಬೆನ್ನಿಗೆ ಕಂಬಿ, ಹೊರಗೆಲ್ಲ ಕೊಕ್ಕೆಗಳು. ಪಕ್ಷಿ ಫೋಟೋ ತೆಗೆಯುವವರಿಗೆ ಬೇಕಾಗಬಹುದು. ನಾವು ಟ್ಯಾಕ್ಸಿಯಿಂದ ಇಳಿದು ಛತ್ರದೊಳಗೆ ಹೋಗುವವರು. ಸೊಂಟದ ಪಟ್ಟಿ ಕಟ್ಟಿಕೊಂಡು ಯಾವ ಬೆಟ್ಟ ಹತ್ತಬೇಕಾಗಿದೆ?

ಹಾಗಾಗಿ ನಾನು ಮಾಡಿಕೊಂಡಿದ್ದು ಹೀಗೆ. ಹೊರಗಿನದು ಸಾಮಾನ್ಯ ಬ್ಯಾಕ್‌ಪ್ಯಾಕ್. ಕಾಲೇಜು ಹುಡುಗರು ಹಾಕ್ಕೊಳ್ಳೋ ಥರದ್ದು, ಬೂದು ಬಣ್ಣ, ಕ್ಯಾಮೆರಾ ಕಂಪನಿಯ ಹೆಸರು ಎಲ್ಲೂ ಇಲ್ಲ. ಏಳುನೂರು ಗ್ರಾಂ ಹತ್ತಿರ ತೂಗುತ್ತದೆ. ತಗೊಳ್ಳುವಾಗ ನೋಡಿದ್ದು ಎರಡೇ. ಜಿಪ್ ಪೂರ್ತಿ ಕೆಳಗಿನವರೆಗೆ ಬಂದು ಬ್ಯಾಗ್ ಸೂಟ್‌ಕೇಸಿನ ಹಾಗೆ ಬಿಚ್ಚಿಕೊಳ್ಳಬೇಕು. ಮತ್ತೆ ತಳ ಅಗಲವಾಗಿದ್ದು, ನಿಲ್ಲಿಸಿದರೆ ನಿಲ್ಲಬೇಕು. ಮೇಲಿಂದ ಮಾತ್ರ ಬಾಯಿ ಇರುವ ಬ್ಯಾಗ್ ಬೇಡ. ತಳದಲ್ಲಿರುವ ಲೆನ್ಸ್ ತೆಗೆಯೋಕೆ ಮೇಲಿರುವುದನ್ನೆಲ್ಲ ಹೊರಗೆ ಹಾಕಬೇಕಾಗುತ್ತದೆ.

ಒಳಗಿನ ಪೆಟ್ಟಿಗೆ ನಾನೇ ಹೊಲಿಸಿದ್ದು. ಅಂಗಡಿಯಲ್ಲಿ ಸಿಗೋ ಇನ್ಸರ್ಟ್‌ಗಳು ಕೆಟ್ಟದ್ದೇನಲ್ಲ, ಆದರೆ ನಮ್ಮ ಬ್ಯಾಗಿನ ಅಳತೆಗೆ ಸರಿಯಾಗಿ ಕೂರುವುದಿಲ್ಲ. ನಮ್ಮೂರಿನ ಪಿ.ಬಿ. ರಸ್ತೆಯಲ್ಲಿ ಕಾರಿಗೆ ಸೀಟ್ ಕವರ್ ಹೊಲಿಯುವವರೊಬ್ಬರಿದ್ದಾರೆ. ಅವರ ಮುಂದೆ ಬ್ಯಾಗ್ ಇಟ್ಟು, ಇದರೊಳಗೆ ಕೂರುವ ಹಾಗೆ 38 ಸೆಂ.ಮೀ. ಉದ್ದ, 25 ಅಗಲ, 14 ಆಳದ ಒಂದು ಮೆತ್ತನೆಯ ಡಬ್ಬಿ ಮಾಡಿಕೊಡಿ ಅಂದೆ. ಅವರು ಮೊದಲು ಕೇಳಿದ್ದೇ, "ಇದರಲ್ಲಿ ಟಿಫಿನ್ ಇಡ್ತೀರೇನು?" ಅಂತ. ಕ್ಯಾಮೆರಾ ಬಾಡಿ ಕೈಗೆ ಕೊಟ್ಟ ಮೇಲೆ ಗಂಭೀರವಾದರು. ಗೋಡೆಗೆ ಒಂದೂವರೆ ಸೆಂಟಿಮೀಟರ್ ಗಟ್ಟಿ ಫೋಮ್ ಹಾಕಿದರು. ಸೀಟಿಗೆ ಹಾಕುವ ಮೆತ್ತನೆ ಸ್ಪಂಜು ಬೇಡ, ಕೆಲವು ತಿಂಗಳಲ್ಲಿ ಕೂತುಬಿಡುತ್ತದೆ ಅಂತ ಅವರೇ ಹೇಳಿದ್ದು. ತಳಕ್ಕೆ ಎರಡು ಪದರ. ಒಳಗೆ ಕಾರಿನ ಮೇಲ್ಛಾವಣಿಗೆ ಅಂಟಿಸುವ ಜುಂಗಿನಂಥ ಬಟ್ಟೆ, ಅದಕ್ಕೆ ವೆಲ್ಕ್ರೋ ಹಿಡಿಯುತ್ತದೆ, ಹಾಗಾಗಿ ಅಡ್ಡಗೋಡೆಗಳನ್ನು ಬೇಕಾದ ಕಡೆ ಸರಿಸಬಹುದು. ಎರಡು ಕಡೆ ಹಿಡಿ. ಮೇಲೆ ಜಿಪ್ ಇರುವ ಮುಚ್ಚಳ. ಎಲ್ಲ ಸೇರಿ ಮುನ್ನೂರೈವತ್ತು ಗ್ರಾಂ ಆಸುಪಾಸು.

ಆ ಎರಡು ಹಿಡಿ ಮತ್ತು ಮುಚ್ಚಳ ಸುಮ್ನೆ ಹಾಕಿಸಿದ್ದಲ್ಲ. ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಹತ್ತಿದವರಿಗೆ ಎಟಿಆರ್ ವಿಮಾನ ಗೊತ್ತು. ಎರಡು ಫ್ಯಾನು, ಆಚೆ ಎರಡು ಸೀಟು ಈಚೆ ಎರಡು ಸೀಟು, ಹಿಂದಿನ ಬಾಗಿಲಿಂದ ಹತ್ತಬೇಕು, ಮುಂದಿನ ಕಡೆ ಲಗೇಜು. ತಲೆ ಮೇಲಿನ ಬಿನ್, ಅಂದರೆ ಸಾಮಾನಿಡುವ ಗೂಡು, ಚಿಕ್ಕದು. ದೊಡ್ಡ ವಿಮಾನದಲ್ಲಿ ಆರಾಮಾಗಿ ಹೋಗುವ ಟ್ರಾಲಿ ಇಲ್ಲಿ ಬಾಗಿಲು ಹಾಕೋಕೆ ಬಿಡುವುದಿಲ್ಲ. ಅದಕ್ಕೇ ಗೇಟಿನಲ್ಲಿ, ಕೆಲವೊಮ್ಮೆ ವಿಮಾನದ ಪಕ್ಕದಲ್ಲೇ, ಸಿಬ್ಬಂದಿ ಒಬ್ಬರು ಟ್ಯಾಗ್ ಹಿಡಿದು ನಿಂತಿರುತ್ತಾರೆ. ನಿಮ್ಮ ಬೆನ್ನ ಮೇಲೆ ಉಬ್ಬಿದ ಬ್ಯಾಗ್ ಕಂಡರೆ, "ಸರ್, ಇದು ಕೆಳಗೆ ಹೋಗುತ್ತೆ". ಹಿಂದೆ ಸಾಲು ನಿಂತಿರುತ್ತದೆ. ವಾದ ಮಾಡೋಕೆ ಅದು ಜಾಗ ಅಲ್ಲ, ಅವರ ತಪ್ಪೂ ಅಲ್ಲ.

ಆಗ ನಾನು ಬ್ಯಾಗನ್ನು ನೆಲಕ್ಕಿಡುತ್ತೇನೆ. ಜಿಪ್ ಪೂರ್ತಿ ತೆಗೆಯುತ್ತೇನೆ. ಒಳಗಿನ ಡಬ್ಬಿಯನ್ನು ಹಿಡಿ ಹಿಡಿದು ಮೇಲೆತ್ತುತ್ತೇನೆ, ಮುಚ್ಚಳದ ಜಿಪ್ ಮೊದಲೇ ಹಾಕಿರುತ್ತದೆ. ಬ್ಯಾಟರಿ ಪೌಚ್ ಮುಂದಿನ ಜೇಬಲ್ಲಿದೆ, ಅದನ್ನು ಎಳೆದು ಪ್ಯಾಂಟಿನ ಜೇಬಿಗೆ. ಉಳಿದ ಬ್ಯಾಗಲ್ಲಿ ಒಂದು ಶರ್ಟು, ಚಾರ್ಜರ್ ವೈರು, ನೀರಿನ ಬಾಟಲಿ. ತಗೊಳ್ಳಿ, ಕೆಳಗೆ ಹಾಕಿ. ಅರ್ಧ ನಿಮಿಷದ ಕೆಲಸ. ಡಬ್ಬಿ ನನ್ನ ಕೈಯಲ್ಲೇ ಸೀಟಿಗೆ ಬರುತ್ತದೆ, ಮುಂದಿನ ಸೀಟಿನ ಕೆಳಗೆ ಕೂರುತ್ತದೆ. ಅಂಗಡಿಯ ಕ್ಯಾಮೆರಾ ಬ್ಯಾಗಿನಲ್ಲಿ ಅಡ್ಡಗೋಡೆಗಳು ಬ್ಯಾಗಿಗೇ ಅಂಟಿಕೊಂಡಿರುತ್ತವೆ. ಅಲ್ಲಿ ಟ್ಯಾಗ್ ಬಿದ್ದರೆ ಎರಡು ಬಾಡಿ, ಮೂರು ಲೆನ್ಸ್ ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಬೇಕು. ಹಾಗೆ ಹತ್ತಿದವರನ್ನು ನೋಡಿದ್ದೇನೆ, ಪಾಪ ಅನಿಸುತ್ತದೆ.

ಕೆಳಗೆ ಹೋದರೆ ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಏನೂ ಆಗದೆ ಇರಬಹುದು. ಆದರೆ ಟಿಕೆಟಿನ ಷರತ್ತು ಒಮ್ಮೆ ಓದಿ. ಕ್ಯಾಮೆರಾ, ಲ್ಯಾಪ್‌ಟಾಪ್, ಒಡವೆಯಂಥ ಬೆಲೆಬಾಳುವ ಸಾಮಾನನ್ನು ಚೆಕ್-ಇನ್ ಲಗೇಜಿನಲ್ಲಿ ಇಡಬೇಡಿ, ಇಟ್ಟರೆ ನಮ್ಮ ಜವಾಬ್ದಾರಿ ಇಲ್ಲ ಅಂತ ವಿಮಾನ ಕಂಪನಿಗಳು ಬರೆದೇ ಇರುತ್ತವೆ. ದುಡ್ಡಿನ ಮಾತು ಹಾಗಿರಲಿ. ಬ್ಯಾಗ್ ಒಂದು ದಿನ ತಡವಾಗಿ ಬಂದರೂ ನಮಗೆ ಬರದೇ ಇದ್ದ ಹಾಗೇ. ಧಾರೆ ಮುಹೂರ್ತ ಬೆಳಿಗ್ಗೆ 9.40 ಅಂದರೆ 9.40. ಪುರೋಹಿತರು ಲಗೇಜ್ ಬೆಲ್ಟ್ ನೋಡಿಕೊಂಡು ಕೂರುತ್ತಾರಾ?

ಅದಕ್ಕೇ ಸಾಮಾನು ಹಂಚುವುದರ ಬಗ್ಗೆ ನನ್ನದು ಸ್ವಲ್ಪ ಹಠ. ಅಸಿಸ್ಟೆಂಟ್ ಜೊತೆಗೆ ಬರುತ್ತಾನೆ ಅಂದರೆ ಅವನ ಟಿಕೆಟಿಗೂ ಏಳು ಕೆ.ಜಿ. ಇದೆ. ಬಹಳ ಜನ ಕ್ಯಾಮೆರಾ ಎಲ್ಲ ಯಜಮಾನರ ಬ್ಯಾಗಲ್ಲಿ, ಬಟ್ಟೆ-ವೈರು ಎಲ್ಲ ಹುಡುಗನ ಬ್ಯಾಗಲ್ಲಿ ಅಂತ ಮಾಡುತ್ತಾರೆ. ನಾನು ಹಾಗೆ ಮಾಡೋದಿಲ್ಲ. ಒಂದು ಬಾಡಿ, 70-200, 35 ನನ್ನ ಹತ್ತಿರ. ಇನ್ನೊಂದು ಬಾಡಿ, 24-70, ಫ್ಲ್ಯಾಶ್ ಅವನ ಹತ್ತಿರ. ಯಾವ ಒಂದು ಬ್ಯಾಗ್ ಕಳೆದರೂ, ತಡವಾದರೂ, ಇನ್ನೊಂದರಲ್ಲಿ ಮದುವೆ ಮುಗಿಸಬಹುದು. ಚೆನ್ನಾಗಿ ಬರದೇ ಇರಬಹುದು, ಆದರೆ ತಾಳಿ ಕಟ್ಟಿದ ಫೋಟೋ ಇರುತ್ತದೆ. ನಲವತ್ತು ಲೀಟರಿನ ಒಂದು ದೊಡ್ಡ ಬ್ಯಾಗಿಗಿಂತ ಇಪ್ಪತ್ತು ಲೀಟರಿನ ಎರಡು ವಾಸಿ ಅನ್ನೋದು ಅದಕ್ಕೇ. ಹಗುರವೂ ಆಗುತ್ತದೆ, ಸೀಟಿನ ಕೆಳಗೂ ಹೋಗುತ್ತದೆ. ತಲೆ ಮೇಲಿನ ಬಿನ್‌ನಲ್ಲಿ ಇಟ್ಟರೆ ಕೊನೆಗೆ ಬಂದವರು ತಮ್ಮ ಟ್ರಾಲಿಯನ್ನು ಅದರ ಮೇಲೇ ಗುದ್ದಿ ತಳ್ಳುತ್ತಾರೆ. ಎದ್ದು ನಿಂತು ಹೇಳೋಕೂ ಸಂಕೋಚ, ಸುಮ್ಮನಿರೋಕೂ ಆಗೋದಿಲ್ಲ.

ಸೆಕ್ಯುರಿಟಿ ಚೆಕ್ಕಿಗೆ ಬರೋಣ. ಬ್ಯಾಗ್ ಪೂರ್ತಿ ಬಿಚ್ಚಿಕೊಳ್ಳಬೇಕು ಅಂದದ್ದು ಇದಕ್ಕೂ ಹೌದು. ಬಾಡಿ, ಲ್ಯಾಪ್‌ಟಾಪ್, ಪವರ್‌ಬ್ಯಾಂಕ್, ಚಾರ್ಜರ್ ಬೇರೆ ಟ್ರೇಯಲ್ಲಿ ಇಡಿ ಅನ್ನುತ್ತಾರೆ. ಲೆನ್ಸ್ ಕೂಡ ತೆಗೆಯಿರಿ ಅನ್ನುವವರಿದ್ದಾರೆ. ನಾನು ಕೇಳುವ ಮೊದಲೇ ಡಬ್ಬಿಯನ್ನು ಪೂರ್ತಿ ಎತ್ತಿ ಒಂದು ಟ್ರೇಯಲ್ಲಿಟ್ಟು ಮುಚ್ಚಳ ತೆರೆದಿಡುತ್ತೇನೆ. ಮೇಲಿಂದ ನೋಡಿದರೆ ಎಲ್ಲ ಕಾಣುತ್ತದೆ, ಹೆಚ್ಚಿನ ಸಲ ಹಾಗೇ ಬಿಡುತ್ತಾರೆ. ಕೆಲವೊಮ್ಮೆ ಫ್ಲ್ಯಾಶ್ ಎತ್ತಿ ತೋರಿಸಿ "ಯೇ ಕ್ಯಾ ಹೈ?" ಅಂತ ಕೇಳುತ್ತಾರೆ. ಕ್ಯಾಮೆರಾ ಆನ್ ಮಾಡಿ ತೋರಿಸಿ ಅನ್ನುವುದೂ ಉಂಟು, ಹಾಗಾಗಿ ಬಾಡಿಯೊಳಗೆ ಚಾರ್ಜ್ ಇರುವ ಬ್ಯಾಟರಿ ಇರಲಿ. ಟ್ರೈಪಾಡ್ ಒಂದು ಕಡೆ ಬಿಡುತ್ತಾರೆ, ಇನ್ನೊಂದು ಕಡೆ ಇಲ್ಲ. ಆ ಜೂಜು ಬೇಡ, ಚೆಕ್-ಇನ್‌ಗೇ ಹಾಕಿ. ಅಲೆನ್ ಕೀ, ಸ್ಕ್ರೂಡ್ರೈವರ್ ಕೂಡ ಅದರ ಜೊತೆಗೆ.

ಬ್ಯಾಟರಿ ಮಾತ್ರ ತದ್ವಿರುದ್ಧ. ಬಿಡಿ ಲಿಥಿಯಂ ಬ್ಯಾಟರಿ, ಪವರ್‌ಬ್ಯಾಂಕ್ ಯಾವತ್ತೂ ಚೆಕ್-ಇನ್‌ಗೆ ಹೋಗಬಾರದು, ಕ್ಯಾಬಿನ್‌ನಲ್ಲೇ ಇರಬೇಕು. ಬ್ಯಾಟರಿ ಹಿಡಿಯುವ ಶಕ್ತಿ 100 ವಾಟ್-ಅವರ್ ಒಳಗಿದ್ದರೆ ಕೇಳೋದು ಬೇಡ. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಎರಡೇ. ಅದಕ್ಕಿಂತ ದೊಡ್ಡದು ಪ್ರಯಾಣಿಕರ ಬ್ಯಾಗಲ್ಲಿ ಬರುವಂತಿಲ್ಲ. ಲೆಕ್ಕ ಸುಲಭ: ಬ್ಯಾಟರಿ ಮೇಲೆ ಬರೆದಿರುವ ವೋಲ್ಟನ್ನು ಎಂಎಎಚ್‌ನಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಸೋನಿಯ ಎಫ್‌ಝಡ್100 ಬ್ಯಾಟರಿ 7.2 ವೋಲ್ಟ್, 2,280 ಎಂಎಎಚ್, ಅಂದರೆ 16.4. ಗೋಡಾಕ್ಸ್ ಎಡಿ200 ಫ್ಲ್ಯಾಶಿನದ್ದು 14.4 ವೋಲ್ಟ್, 2,900 ಎಂಎಎಚ್, ಸುಮಾರು 42. ಎರಡೂ ಆರಾಮಾಗಿ ಒಳಗೆ. ಪವರ್‌ಬ್ಯಾಂಕಿಗೆ 3.7 ವೋಲ್ಟ್ ಹಿಡಿಯಿರಿ. 20,000 ಎಂಎಎಚ್‌ನದ್ದು 74 ಆಗುತ್ತದೆ, ಸರಿ. 30,000ದ್ದು 111, ಗೆರೆ ದಾಟಿತು. ಅಂಥದ್ದು ಸೆಕ್ಯುರಿಟಿಯಲ್ಲೇ ಉಳಿದುಕೊಳ್ಳಬಹುದು. ಅಕ್ಷರ ಅಳಿಸಿಹೋದ ಹಳೇ ಬ್ಯಾಟರಿ ತಗೊಂಡು ಹೋಗಬೇಡಿ, ಎಷ್ಟು ಅಂತ ನೀವು ಬಾಯಲ್ಲಿ ಹೇಳಿದರೆ ನಡೆಯೋದಿಲ್ಲ.

ಬ್ಯಾಟರಿಗೆ ಬೇರೆ ಪೌಚ್, ಅದಕ್ಕೆ ಬ್ಯಾಗಿನ ಹೊರಜೇಬು. ಇದು ಬ್ಯಾಗ್ ಆರಿಸುವಾಗಲೇ ನೋಡಬೇಕಾದ್ದು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬೂಸಾನ್ ವಿಮಾನ ನಿಲ್ದಾಣದಲ್ಲಿ ಏರ್ ಬೂಸಾನ್ ವಿಮಾನಕ್ಕೆ ಬೆಂಕಿ ಬಿತ್ತಲ್ಲ, ಅದು ಕಾಣಿಸಿಕೊಂಡಿದ್ದು ತಲೆ ಮೇಲಿನ ಬಿನ್‌ನಲ್ಲೇ. ಪವರ್‌ಬ್ಯಾಂಕ್ ಕಾರಣ ಇರಬೇಕು ಅಂತ ತನಿಖೆಯವರು ಹೇಳಿದರು. ವಿಮಾನ ಇನ್ನೂ ನೆಲದ ಮೇಲಿತ್ತು, ಎಲ್ಲರೂ ಇಳಿದು ಉಳಿದುಕೊಂಡರು. ಅಲ್ಲಿಂದೀಚೆಗೆ ಒಂದೊಂದೇ ಕಂಪನಿ ಬಿಗಿ ಮಾಡುತ್ತಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್‌ಬ್ಯಾಂಕ್ ಅಂದಿದೆ. ವಿಮಾನದಲ್ಲಿ ಅದನ್ನು ಬಳಸುವಂತಿಲ್ಲ, ಬಿನ್‌ನಲ್ಲಿ ಇಡುವಂತಿಲ್ಲ, ಸೀಟಿನ ಜೇಬಲ್ಲೋ ಸೀಟಿನ ಕೆಳಗಿನ ಬ್ಯಾಗಲ್ಲೋ ಇರಬೇಕು. ಪೌಚ್ ತಕ್ಷಣ ಕೈಗೆ ಸಿಗಬೇಕು ಅನ್ನೋದು ಅದಕ್ಕೇ. ಬ್ಯಾಟರಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಹಾಕಿ, ಇಲ್ಲದಿದ್ದರೆ ತುದಿಗೆ ಟೇಪ್ ಅಂಟಿಸಿ.

ದುಬೈಗೆ ಹೋಗುವವರಿಗೆ ಇನ್ನೊಂದು ಮಾತು. ನಮ್ಮ ಕಡೆಯವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾಮಕರಣಕ್ಕೂ ಊರಿನಿಂದಲೇ ಕರೆಸುವವರಿದ್ದಾರೆ. ಎಮಿರೇಟ್ಸ್‌ನಲ್ಲೂ ಎಕಾನಮಿಗೆ ಅದೇ ಏಳು ಕೆ.ಜಿ. ಹೊರಡುವಾಗ ಇಲ್ಲಿನ ಕಸ್ಟಮ್ಸ್ ಕೌಂಟರಿನಲ್ಲಿ ಸಾಮಾನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಇದು ದುಬೈನಲ್ಲಿ ಕೊಂಡಿದ್ದಲ್ಲ, ಇಲ್ಲಿಂದಲೇ ಒಯ್ದಿದ್ದು ಅನ್ನೋಕೆ ಅದೇ ಸಾಕ್ಷಿ. ಅದಕ್ಕೆ ಬಾಡಿ, ಲೆನ್ಸುಗಳ ಸೀರಿಯಲ್ ನಂಬರ್ ಬೇಕು. ಎಲ್ಲವನ್ನೂ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ, ಬಿಲ್ಲಿನ ಜೆರಾಕ್ಸ್ ಜೊತೆ ಡಬ್ಬಿಯ ಮುಚ್ಚಳದಲ್ಲಿ ಇಟ್ಟಿದ್ದೇನೆ. ಇದಕ್ಕೆ ಸಮಯ ಹಿಡಿಯುತ್ತದೆ, ಬೇಗ ಹೋಗಿ.

ಚೆಕ್-ಇನ್ ಬ್ಯಾಗಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಲೈಟ್ ಸ್ಟ್ಯಾಂಡ್, ಲೈಟಿಗೆ ಹಿಡಿಯುವ ಛತ್ರಿ, ಸಾಫ್ಟ್‌ಬಾಕ್ಸ್, ಟ್ರೈಪಾಡ್, ಬ್ಯಾಟರಿ ಬಿಚ್ಚಿದ ಎಡಿ200. ದೇಶದೊಳಗೆ ಸಾಮಾನ್ಯ ಟಿಕೆಟಿಗೆ 15 ಕೆ.ಜಿ. ಗಟ್ಟಿ ಸೂಟ್‌ಕೇಸ್ ಸಾಕು. ಫ್ಲ್ಯಾಶನ್ನು ಟವೆಲ್ಲಿನಲ್ಲಿ, ಪಂಚೆಯಲ್ಲಿ ಸುತ್ತಿ ಮಧ್ಯದಲ್ಲಿಡಿ. ಹೇಗೂ ಬಟ್ಟೆ ಬೇಕಲ್ಲ, ಬಬಲ್ ರ‍್ಯಾಪ್ ಯಾಕೆ ಬೇರೆ?

ವಾಪಸ್ ಬರುವಾಗ ಲೆಕ್ಕ ಪೂರ್ತಿ ತಿರುಗುತ್ತದೆ. ಹೋಗುವಾಗ ಕ್ಯಾಮೆರಾ ದೊಡ್ಡದು, ಬರುವಾಗ ಕಾರ್ಡು. ಕ್ಯಾಮೆರಾ ಹೋದರೆ ಇನ್ನೊಂದು ತಗೊಳ್ಳಬಹುದು, ಬೀಗರನ್ನೆಲ್ಲ ಮತ್ತೆ ಮಂಟಪದ ಮುಂದೆ ನಿಲ್ಲಿಸೋಕೆ ಆಗುತ್ತಾ? ಎ7 ಫೋರ್‌ಗೆ ಎರಡು ಕಾರ್ಡ್ ಸ್ಲಾಟ್ ಇದೆ, ಎರಡರಲ್ಲೂ ಒಂದೇ ಫೋಟೋ ಬೀಳುವ ಹಾಗೆ ಸೆಟ್ ಮಾಡಿರುತ್ತೇನೆ. ಮುಗಿದ ಮೇಲೆ ಒಂದು ಸೆಟ್ ನನ್ನ ಅಂಗಿಯ ಒಳಜೇಬಿಗೆ, ಇನ್ನೊಂದು ಸೆಟ್ ಅಸಿಸ್ಟೆಂಟ್ ಹತ್ತಿರ. ರಾತ್ರಿ ಹೋಟೆಲಿನಲ್ಲೇ ಎಸ್‌ಎಸ್‌ಡಿಗೆ ಹಾಕಿಕೊಂಡ ಮೂರನೇ ಪ್ರತಿ ಲ್ಯಾಪ್‌ಟಾಪ್ ಜೊತೆ ಹೋಗುತ್ತದೆ. ಕಾರ್ಡ್ ಪೌಚ್ ಕ್ಯಾಮೆರಾ ಬ್ಯಾಗಲ್ಲಿ ಇರಲೇಬಾರದು. ಗೇಟಿನಲ್ಲಿ ಯಾರು ಏನೇ ಟ್ಯಾಗ್ ಹಾಕಲಿ, ಸೀಟಿನ ಕೆಳಗೆ ಬ್ಯಾಗ್ ಮರೆತು ಇಳಿಯಲಿ, ಆಲ್ಬಮ್ ಜೇಬಲ್ಲಿರುತ್ತದೆ.

ಹರಿಹರದ ಹುಡುಗನಿಗೆ ಸೀಟ್ ಕವರ್ ಅಂಗಡಿಯ ದಾರಿ ಹೇಳಿದ್ದೇನೆ. ಅವನದು ಕ್ಯಾನನ್, 70-200 ಹಳೇ ಡಿಎಸ್‌ಎಲ್‌ಆರ್ ಕಾಲದ್ದು, ನನ್ನದಕ್ಕಿಂತ ದಪ್ಪ. 14 ಸೆಂ.ಮೀ. ಆಳ ಸಾಲುತ್ತದಾ ಅಂತ ಕೇಳಿದ. ಲೆನ್ಸ್ ಮಲಗಿಸಿ ಇಟ್ಟರೆ ಸಾಲುತ್ತದೆ. ಸುಮ್ಮನೆ ಅಳತೆ ಹೇಳಬೇಡ, ಲೆನ್ಸನ್ನೇ ತಗೊಂಡು ಹೋಗಿ ಅವರ ಕೈಗೆ ಕೊಡು ಅಂದಿದ್ದೇನೆ.